ಯೋಜಿತ ಸಿಸೇರಿಯನ್ ಹೆರಿಗೆಯಲ್ಲಿ ಬೆನ್ನಿನ ಅರಿವಳಿಕೆ

ಯೋಜಿತ ಸಿಸೇರಿಯನ್ ಹೆರಿಗೆಯಲ್ಲಿ ಬೆನ್ನಿನ ಅರಿವಳಿಕೆ : ಮುಂಚಿತವಾಗಿ ದಿನ ಗೊತ್ತುಮಾಡಿ ನಡೆಸುವ ಸಿಸೇರಿಯನ್ ಶಸ್ತ್ರಕ್ರಿಯೆಯಲ್ಲಿ ತಾಯಿಯ ಎಚ್ಚರವನ್ನು ಉಳಿಸಿಕೊಂಡು, ಎದೆಯಿಂದ ಕೆಳಗಿನ ಭಾಗಕ್ಕೆ ಮಾತ್ರ ನೋವು ತಿಳಿಯದಂತೆ ಮಾಡುವ ವಿಧಾನ. ಬೆನ್ನುಹುರಿಯನ್ನು ಸುತ್ತುವರಿದ ದ್ರವಕ್ಕೆ ಅಥವಾ ಅದರ ಹೊರಪೊರೆಯ ಆಚೆಗಿನ ಜಾಗಕ್ಕೆ ಔಷಧ ಕೊಟ್ಟು ಇದನ್ನು ಸಾಧಿಸಲಾಗುತ್ತದೆ. ಆಸ್ಪತ್ರೆಗಳಲ್ಲಿ ಇದು ‘ಸ್ಪೈನಲ್’ ಎಂದೂ ಮನೆಮಾತಿನಲ್ಲಿ ‘ಬೆನ್ನಿಗೆ ಕೊಡುವ ಇಂಜೆಕ್ಷನ್’ ಎಂದೂ ಪರಿಚಿತ. ಕೇಳುವುದಕ್ಕೆ ಒಂದೇ ಚುಚ್ಚುಮದ್ದಾದರೂ ಅದರ ಹಿಂದೆ ಹಲವು ಆಯ್ಕೆಗಳಿವೆ. ಯಾವ ವಿಧಾನ, ಯಾವ ಔಷಧ, ಎಷ್ಟು ಪ್ರಮಾಣ, ಜೊತೆಗೆ ಏನು ಬೆರೆಸಬೇಕು, ಎಂಥ ಸೂಜಿ ಬಳಸಬೇಕು, ರಕ್ತದೊತ್ತಡವನ್ನು ಹೇಗೆ ಕಾಯಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಬೇಕು. ಶಸ್ತ್ರಕ್ರಿಯೆಯ ಮುಕ್ಕಾಲು ಗಂಟೆ ಹೇಗೆ ಕಳೆಯುತ್ತದೆ, ಆಮೇಲಿನ ಎರಡು ಮೂರು ದಿನ ಬಾಣಂತಿ ಹೇಗಿರುತ್ತಾಳೆ ಎಂಬುದೂ ಈ ತೀರ್ಮಾನಗಳನ್ನೇ ಅವಲಂಬಿಸಿದೆ.

ಇತಿಹಾಸ

ಹೆರಿಗೆಯ ನೋವಿಗೆ ಅರಿವಳಿಕೆ ಬಳಸುವ ಪದ್ಧತಿ 1847ರಲ್ಲಿ ಎಡಿನ್‌ಬರೊದ ಜೇಮ್ಸ್ ಯಂಗ್ ಸಿಂಪ್ಸನ್ ಅವರಿಂದ ಆರಂಭವಾಯಿತು. ಅವರು ಬಳಸಿದ ಈಥರ್ ಮತ್ತು ಕ್ಲೋರೋಫಾರ್ಮ್ ಉಸಿರಿನ ಮೂಲಕ ಕೊಡುವಂಥವು. ಬೆನ್ನಿನ ದಾರಿ ತೆರೆದದ್ದು ಅರ್ಧ ಶತಮಾನದ ನಂತರ. ಜರ್ಮನಿಯ ಕೀಲ್ ನಗರದ ಹೈನ್ರಿಖ್ ಕ್ವಿಂಕೆ 1891ರಲ್ಲಿ ಸೊಂಟದ ಬಳಿ ಸೂಜಿ ಹಾಕಿ ಬೆನ್ನುಹುರಿಯ ದ್ರವವನ್ನು ತೆಗೆಯುವ ಕ್ರಮವನ್ನು ವಿವರಿಸಿದರು. ಅದೇ ನಗರದ ಶಸ್ತ್ರವೈದ್ಯ ಆಗಸ್ಟ್ ಬಿಯರ್ 1898ರ ಆಗಸ್ಟ್ 16ರಂದು ಆ ದಾರಿಯಲ್ಲೇ ಕೊಕೇನ್ ಕೊಟ್ಟು ಕಾಲಿನ ಶಸ್ತ್ರಕ್ರಿಯೆ ನಡೆಸಿದರು. ಕೆಲವು ದಿನಗಳ ಬಳಿಕ ಬಿಯರ್ ಮತ್ತು ಅವರ ಸಹಾಯಕ ಹಿಲ್ಡೆಬ್ರಾಂಟ್ ಇದೇ ಪ್ರಯೋಗವನ್ನು ತಮ್ಮ ಮೇಲೇ ಮಾಡಿಕೊಂಡರು. ಅದರ ಫಲವಾಗಿ ಬಿಯರ್ ಅವರಿಗೆ ಹಲವು ದಿನ ತಲೆನೋವು ಕಾಡಿತು. ಎದ್ದು ಕೂತರೆ ಹೆಚ್ಚಾಗಿ ಮಲಗಿದರೆ ತಗ್ಗುವ ಆ ತಲೆನೋವೇ ಮುಂದೆ ಈ ವಿಧಾನದ ಅತಿ ಪರಿಚಿತ ತೊಡಕೆನಿಸಿತು. 1900ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಆಸ್ಕರ್ ಕ್ರೈಸ್ ಆರು ಮಂದಿ ಗರ್ಭಿಣಿಯರ ಹೆರಿಗೆಯಲ್ಲಿ ಇದನ್ನು ಬಳಸಿದರು.

ಕೊಕೇನ್ ವಿಷಕಾರಿಯಾಗಿದ್ದರಿಂದ ಬದಲಿ ಔಷಧಗಳ ಹುಡುಕಾಟ ನಡೆಯಿತು. 1905ರಲ್ಲಿ ಪ್ರೊಕೇನ್, 1940ರ ದಶಕದಲ್ಲಿ ಸ್ವೀಡನ್ನಿನ ನೀಲ್ಸ್ ಲೋಫ್‌ಗ್ರೆನ್ ಅವರಿಂದ ಲಿಗ್ನೊಕೇನ್, 1957ರಲ್ಲಿ ಸ್ವೀಡನ್ನಿನಲ್ಲಿಯೇ ಬ್ಯುಪಿವಕೇನ್ ಬಂದವು. ಇಂದು ಸಿಸೇರಿಯನ್‌ಗೆ ಅತಿ ಹೆಚ್ಚು ಬಳಕೆಯಲ್ಲಿರುವುದು ಈ ಕೊನೆಯ ಔಷಧವೇ. 1907ರಲ್ಲಿ ಲಂಡನ್ನಿನ ಆರ್ಥರ್ ಬಾರ್ಕರ್ ಔಷಧಕ್ಕೆ ಗ್ಲೂಕೋಸ್ ಬೆರೆಸಿ ಭಾರ ಹೆಚ್ಚಿಸಿದರೆ ಅದು ದ್ರವದಲ್ಲಿ ಎತ್ತ ಹರಿಯಬೇಕೆಂಬುದನ್ನು ರೋಗಿಯ ಭಂಗಿಯಿಂದಲೇ ನಿಯಂತ್ರಿಸಬಹುದೆಂದು ತೋರಿಸಿದರು.

ಹಾದಿ ಸಲೀಸಾಗಿರಲಿಲ್ಲ. 1947ರಲ್ಲಿ ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್‌ನಲ್ಲಿ ಒಂದೇ ದಿನ ಬೆನ್ನಿನ ಅರಿವಳಿಕೆ ಪಡೆದ ವೂಲಿ ಮತ್ತು ರೋ ಎಂಬ ಇಬ್ಬರ ಕಾಲುಗಳ ಸ್ವಾಧೀನ ತಪ್ಪಿತು. ಪ್ರಕರಣ ನ್ಯಾಯಾಲಯಕ್ಕೆ ಹೋಗಿ, ಆ ದೇಶದಲ್ಲಿ ಈ ವಿಧಾನ ಎರಡು ಮೂರು ದಶಕ ಹಿಂದೆ ಸರಿಯಿತು. ಅದನ್ನು ಮತ್ತೆ ಮುಂದಕ್ಕೆ ತಂದದ್ದು ಪೂರ್ಣ ಅರಿವಳಿಕೆಯ ಅಪಾಯಗಳ ಅರಿವು. ಪ್ರಜ್ಞೆ ತಪ್ಪಿಸಿದ ಗರ್ಭಿಣಿಯರಲ್ಲಿ ಜಠರದ ಆಮ್ಲ ಶ್ವಾಸಕೋಶಕ್ಕೆ ನುಗ್ಗುವುದನ್ನು ಅಮೆರಿಕದ ಕರ್ಟಿಸ್ ಮೆಂಡೆಲ್‌ಸನ್ 1946ರಲ್ಲಿ ವಿವರಿಸಿದ್ದರು. ಗರ್ಭಿಣಿಯ ಗಂಟಲು ಊದಿಕೊಂಡಿರುವುದರಿಂದ ಉಸಿರಾಟದ ಕೊಳವೆ ಹಾಕುವುದು ಕಷ್ಟ. ಆಮ್ಲಜನಕದ ದಾಸ್ತಾನು ಕಡಿಮೆಯಾಗಿ, ಬಳಕೆ ಹೆಚ್ಚಾಗಿರುವುದರಿಂದ ತಡವಾದರೆ ಸಾವರಿಸಿಕೊಳ್ಳಲು ಸಿಗುವ ಸಮಯವೂ ಅಲ್ಪ. ಬ್ರಿಟನ್ನಿನಲ್ಲಿ 1952ರಿಂದ ನಡೆದ ತಾಯಂದಿರ ಸಾವಿನ ಗೋಪ್ಯ ವಿಚಾರಣೆಗಳು ಇವೇ ಕಾರಣಗಳನ್ನು ಮತ್ತೆ ಮತ್ತೆ ಎತ್ತಿ ತೋರಿಸಿದವು. ಇದೇ ವೇಳೆಗೆ ಸೂಜಿಯೂ ಸುಧಾರಿಸಿತು. 1951ರಲ್ಲಿ ಹಾರ್ಟ್ ಮತ್ತು ವಿಟೇಕರ್ ರೂಪಿಸಿದ, ಪೆನ್ಸಿಲ್ ಮೊನೆಯಂಥ ತುದಿಯ ಸೂಜಿಯೂ 1987ರಲ್ಲಿ ಬಂದ ಸ್ಪ್ರಾಟ್ ಸೂಜಿಯೂ ತಲೆನೋವಿನ ಕಾಟವನ್ನು ಬಹಳವಾಗಿ ತಗ್ಗಿಸಿದವು. 1979ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು ಬೆನ್ನುಹುರಿಯ ದ್ರವಕ್ಕೆ ಅಲ್ಪ ಪ್ರಮಾಣದ ಮಾರ್ಫಿನ್ ಕೊಟ್ಟು ದೀರ್ಘಕಾಲ ನೋವು ಶಮನವಾಗುವುದನ್ನು ವರದಿ ಮಾಡಿದರು. ಶಸ್ತ್ರಕ್ರಿಯೆ ಮುಗಿದ ಮೇಲೂ ಕೆಲಸ ಮಾಡುವ ಸ್ಪೈನಲ್ ಸಾಧ್ಯವಾದದ್ದು ಹೀಗೆ.

ಕೆಲಸ ಮಾಡುವ ಬಗೆ

ವಯಸ್ಕರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಸೊಂಟದ ಮೊದಲ ಅಥವಾ ಎರಡನೆಯ ಕಶೇರುಕದ ಮಟ್ಟದಲ್ಲಿ ಮುಗಿಯುತ್ತದೆ. ಅದರ ಕೆಳಗೆ ಪೊರೆಯ ಚೀಲದೊಳಗೆ ದ್ರವ ಮತ್ತು ನರಬೇರುಗಳು ಮಾತ್ರ ಇರುತ್ತವೆ. ಆದ್ದರಿಂದ ಸೂಜಿಯನ್ನು ಮೂರನೆಯ ಮತ್ತು ನಾಲ್ಕನೆಯ ಕಶೇರುಕಗಳ ನಡುವೆ ಅಥವಾ ಅದಕ್ಕೂ ಕೆಳಗೆ ಹಾಕುತ್ತಾರೆ. ಸೊಂಟದ ಎರಡೂ ಬದಿಯ ಮೂಳೆಗಳ ಮೇಲ್ತುದಿಯನ್ನು ಜೋಡಿಸುವ ಕಾಲ್ಪನಿಕ ಗೆರೆ ಇದಕ್ಕೆ ಗುರುತು. ಗರ್ಭಿಣಿಯರಲ್ಲಿ ಈ ಅಂದಾಜು ಒಂದೆರಡು ಮಟ್ಟ ಮೇಲಕ್ಕೆ ತಪ್ಪುವುದುಂಟು. ಹಾಗಾಗಿ ಬೊಜ್ಜು ಇದ್ದವರಲ್ಲಿ, ಬೆನ್ನು ವಕ್ರವಾಗಿರುವವರಲ್ಲಿ ಅಲ್ಟ್ರಾಸೌಂಡ್ ನೆರವು ಪಡೆಯುವುದು ಹೆಚ್ಚುತ್ತಿದೆ.

ದ್ರವಕ್ಕೆ ಸೇರಿದ ಔಷಧ ನರಗಳ ಸೋಡಿಯಂ ಮಾರ್ಗಗಳನ್ನು ಮುಚ್ಚಿ ಸಂಕೇತಗಳು ಮುಂದೆ ಸಾಗದಂತೆ ತಡೆಯುತ್ತದೆ. ರಕ್ತನಾಳಗಳನ್ನು ಬಿಗಿಹಿಡಿಯುವ ಸಣ್ಣ ನರಗಳು ಮೊದಲು ಮಣಿಯುತ್ತವೆ, ಬಳಿಕ ನೋವು ಮತ್ತು ತಂಪಿನ ಅರಿವು, ಆಮೇಲೆ ಸ್ಪರ್ಶ, ಕೊನೆಗೆ ಕಾಲುಗಳ ಚಲನೆ. ಕಾಲು ಬೆಚ್ಚಗಾಗಿ ಜೋಮು ಹಿಡಿದಂತೆನಿಸುವುದು ಔಷಧ ನಾಟಿದ್ದರ ಮೊದಲ ಸೂಚನೆ.

ಕೊಯ್ತ ಇರುವುದು ಕಿಬ್ಬೊಟ್ಟೆಯಲ್ಲಾದರೂ ಮರಗಟ್ಟುವಿಕೆ ಮೊಲೆತೊಟ್ಟಿನ ಮಟ್ಟದವರೆಗೆ, ಅಂದರೆ ಎದೆಯ ನಾಲ್ಕನೆಯ ನರಮಟ್ಟದವರೆಗೆ ಏರಬೇಕು. ಹೊಟ್ಟೆಯ ಒಳಪೊರೆಯನ್ನು ಎಳೆದಾಗ, ಗರ್ಭಕೋಶವನ್ನು ಹೊರತೆಗೆದು ಹೊಲಿಯುವಾಗ, ರಕ್ತ ಒರೆಸುವಾಗ ಹುಟ್ಟುವ ಸಂಕೇತಗಳು ಇಷ್ಟು ಎತ್ತರದ ನರಗಳ ಮೂಲಕ ಸಾಗುವುದೇ ಇದಕ್ಕೆ ಕಾರಣ. ಚರ್ಮ ಕೊಯ್ದದ್ದು ತಿಳಿಯದೆ, ಮಗು ಹೊರಬಂದ ಮೇಲೆ ನೋವಾಯಿತೆಂದು ಕೆಲವರು ಹೇಳುವುದು ಈ ಎತ್ತರದ ಕೊರತೆಯಿಂದ. ಸರಿಯಾಗಿ ನಾಟಿದ ಸ್ಪೈನಲ್‌ನಲ್ಲೂ ಒತ್ತಿದ, ಎಳೆದ ಅನುಭವ ಉಳಿಯುತ್ತದೆ. ಮಗುವನ್ನು ಹೊರತೆಗೆಯುವ ಕ್ಷಣದಲ್ಲಿ ಮೇಲುಹೊಟ್ಟೆಯನ್ನು ಬಲವಾಗಿ ಅದುಮುತ್ತಾರೆ. ಇದನ್ನು ಮೊದಲೇ ತಿಳಿಸದಿದ್ದರೆ ತಾಯಿ ಗಾಬರಿಯಾಗುತ್ತಾಳೆ.

ವಿಧಾನಗಳು

ಒಂದೇ ಚುಚ್ಚಿನ ಸ್ಪೈನಲ್ : ಯೋಜಿತ ಸಿಸೇರಿಯನ್‌ಗಳಲ್ಲಿ ಅತಿ ಸಾಮಾನ್ಯ. ಕೂತ ಅಥವಾ ಮಗ್ಗುಲಾಗಿ ಮಲಗಿದ ಭಂಗಿಯಲ್ಲಿ ಸಣ್ಣ ಸೂಜಿಯಿಂದ ಸುಮಾರು ಎರಡು ಮಿಲಿಲೀಟರ್ ಔಷಧ ಕೊಡುತ್ತಾರೆ. ಐದರಿಂದ ಹತ್ತು ನಿಮಿಷದಲ್ಲಿ ಕೆಲಸ ಶುರು, ಒಂದೂವರೆಯಿಂದ ಎರಡು ಗಂಟೆ ಶಸ್ತ್ರಕ್ರಿಯೆಗೆ ಸಾಕಾಗುವಷ್ಟು ಪರಿಣಾಮ. ಔಷಧದ ಪ್ರಮಾಣ ಅತ್ಯಲ್ಪವಾದ್ದರಿಂದ ತಾಯಿಯ ರಕ್ತಕ್ಕಾಗಲಿ ಮಗುವಿಗಾಗಲಿ ಸೇರುವುದು ತೀರ ಕಡಿಮೆ. ಶಸ್ತ್ರಕ್ರಿಯೆ ಉದ್ದವಾದರೆ ಮತ್ತೆ ಔಷಧ ಸೇರಿಸಲಾಗದಿರುವುದು ಇದರ ಮಿತಿ.

ಎಪಿಡ್ಯೂರಲ್ : ಡ್ಯೂರಾ ಎಂಬ ಹೊರಪೊರೆಯನ್ನು ಚುಚ್ಚದೆ ಅದರ ಆಚೆಗಿನ ಜಾಗದಲ್ಲಿ ತೆಳುವಾದ ನಾಳಿಕೆಯನ್ನು ಇರಿಸಿ, ಬೇಕಾದಾಗೆಲ್ಲ ಔಷಧ ಕೊಡುವ ವಿಧಾನ. ಸ್ಪೈನಲ್‌ಗಿಂತ ಹಲವು ಪಟ್ಟು ಹೆಚ್ಚು ಔಷಧ ಬೇಕು. ಪರಿಣಾಮಕ್ಕೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ, ಅಲ್ಲಲ್ಲಿ ಮರಗಟ್ಟದೆ ಉಳಿಯುವ ಸಂಭವವೂ ಹೆಚ್ಚು. ಹೆರಿಗೆನೋವಿಗೆಂದು ಮೊದಲೇ ನಾಳಿಕೆ ಹಾಕಿದ್ದು, ಬಳಿಕ ಸಿಸೇರಿಯನ್ ಬೇಕಾದಾಗ ಇದರ ಉಪಯೋಗ ದೊಡ್ಡದು. ಯೋಜಿತ ಸಿಸೇರಿಯನ್‌ಗೆ ಇದೊಂದನ್ನೇ ಆರಿಸುವುದು ಅಪರೂಪ.

ಸಂಯುಕ್ತ ವಿಧಾನ : ಎಪಿಡ್ಯೂರಲ್ ಸೂಜಿಯ ಒಳಗಿಂದ ಸ್ಪೈನಲ್ ಸೂಜಿಯನ್ನು ತೂರಿಸಿ ಔಷಧ ಕೊಟ್ಟು, ಬಳಿಕ ನಾಳಿಕೆಯನ್ನು ಅಲ್ಲೇ ಬಿಡುವುದು. ಸ್ಪೈನಲ್‌ನ ವೇಗ, ಎಪಿಡ್ಯೂರಲ್‌ನ ದೀರ್ಘತೆ ಎರಡೂ ಸಿಗುತ್ತವೆ. 1980ರ ದಶಕದ ಆರಂಭದಿಂದ ಬಳಕೆಯಲ್ಲಿದೆ. ಹಿಂದೆ ಹಲವು ಸಿಸೇರಿಯನ್ ಆಗಿ ಒಳಗೆ ಅಂಟಿಕೊಂಡಿರುವಾಗ, ಮಾಸು ಗರ್ಭಕೋಶದ ಗೋಡೆಗೆ ಆಳವಾಗಿ ಕಚ್ಚಿಕೊಂಡಿರುವಾಗ, ತೂಕ ಬಹಳ ಹೆಚ್ಚಿರುವಾಗ ಇದು ಸೂಕ್ತ. ಕೆಲವು ಹೃದ್ರೋಗಗಳಲ್ಲಿ ಸ್ಪೈನಲ್ ಪ್ರಮಾಣವನ್ನು ತೀರ ಕಡಿಮೆ ಮಾಡಿ, ಉಳಿದದ್ದನ್ನು ನಾಳಿಕೆಯ ಮೂಲಕ ನಿಧಾನವಾಗಿ ಏರಿಸಲೂ ಬರುತ್ತದೆ.

ನಿರಂತರ ಸ್ಪೈನಲ್ : ದ್ರವದ ಜಾಗದಲ್ಲೇ ನಾಳಿಕೆ ಇರಿಸುವ ಈ ವಿಧಾನ ವಿಶೇಷ ಸಂದರ್ಭಗಳಿಗೆ ಮೀಸಲು. ಎಪಿಡ್ಯೂರಲ್ ಹಾಕುವಾಗ ಸೂಜಿ ಆಕಸ್ಮಿಕವಾಗಿ ಪೊರೆ ದಾಟಿದರೆ ಕೆಲವೊಮ್ಮೆ ಇದನ್ನೇ ಅನುಸರಿಸುತ್ತಾರೆ.

ಪೂರ್ಣ ಅರಿವಳಿಕೆ : ಬೆನ್ನಿನ ದಾರಿ ಸಾಧ್ಯವಿಲ್ಲದಾಗ ಅಥವಾ ಸಾಲದೆ ಹೋದಾಗ ಉಳಿಯುವ ಮಾರ್ಗ. ಬ್ರಿಟನ್ನಿನ ಅರಿವಳಿಕೆ ವೈದ್ಯರ ರಾಯಲ್ ಕಾಲೇಜು ಇಟ್ಟುಕೊಂಡ ಗುರಿಯ ಪ್ರಕಾರ ಯೋಜಿತ ಸಿಸೇರಿಯನ್‌ಗಳಲ್ಲಿ ಶೇ 95ಕ್ಕೂ ಹೆಚ್ಚು ಬೆನ್ನಿನ ಅರಿವಳಿಕೆಯಲ್ಲೇ ನಡೆಯಬೇಕು, ನಡುವೆ ಪೂರ್ಣ ಅರಿವಳಿಕೆಗೆ ಹೊರಳುವುದು ಶೇ 1ಕ್ಕಿಂತ ಕಡಿಮೆ ಇರಬೇಕು. ಪೂರ್ಣ ಅರಿವಳಿಕೆಯಲ್ಲಿ ನಡುವೆ ಎಚ್ಚರವಾಗುವ ಅಪಾಯವೂ ಇದೆ. 2014ರಲ್ಲಿ ಪ್ರಕಟವಾದ ಬ್ರಿಟನ್ ಮತ್ತು ಐರ್ಲೆಂಡಿನ ರಾಷ್ಟ್ರೀಯ ಪರಿಶೀಲನೆಯಲ್ಲಿ ಸಿಸೇರಿಯನ್‌ಗಳಲ್ಲಿ ಇದು ಸುಮಾರು 670ಕ್ಕೆ ಒಂದರಂತೆ ಕಂಡುಬಂತು.

ಔಷಧಗಳು

ಮುಖ್ಯ ಔಷಧ ಶೇ 0.5ರ ‘ಹೆವಿ’ ಬ್ಯುಪಿವಕೇನ್. ಪ್ರತಿ ಮಿಲಿಲೀಟರ್‌ನಲ್ಲಿ 5 ಮಿಲಿಗ್ರಾಂ ಔಷಧವೂ 80 ಮಿಲಿಗ್ರಾಂ ಡೆಕ್ಸ್‌ಟ್ರೋಸ್ ಸಕ್ಕರೆಯೂ ಇರುತ್ತವೆ. ನೀರಿಗೆ ಸುರಿದ ಬೆಲ್ಲದ ಪಾಕ ತಳಕ್ಕಿಳಿಯುವಂತೆ ಈ ಭಾರದ ಔಷಧ ದೇಹದ ತಗ್ಗಿನ ಕಡೆಗೆ ಹರಿಯುತ್ತದೆ. ಅಂಗಾತ ಮಲಗಿಸಿದಾಗ ಬೆನ್ನಿನ ಸಹಜ ಬಾಗನ್ನು ಅನುಸರಿಸಿ ಎದೆಯ ಮಟ್ಟಕ್ಕೆ ಬರುತ್ತದೆ. ಸಾಮಾನ್ಯ ಪ್ರಮಾಣ 10ರಿಂದ 12 ಮಿಲಿಗ್ರಾಂ. ಫೆಂಟನಿಲ್ ಮತ್ತು ಮಾರ್ಫಿನ್ ಜೊತೆ ಕೊಟ್ಟಾಗ ನೂರರಲ್ಲಿ 95 ಮಂದಿಗೆ ಸಾಕಾಗುವ ಪ್ರಮಾಣ ಸುಮಾರು 11 ಮಿಲಿಗ್ರಾಂ ಎಂದು 2004ರ ಅಧ್ಯಯನವೊಂದು ಲೆಕ್ಕ ಹಾಕಿತು. ಇದಕ್ಕಿಂತ ಬಹಳ ಕಡಿಮೆ ಕೊಟ್ಟರೆ ಬಿ.ಪಿ. ಇಳಿಯುವುದು ತಗ್ಗುತ್ತದೆ, ಆದರೆ ನಡುವೆ ನೋವು ಕಾಣಿಸಿಕೊಳ್ಳುವ ಸಂಭವ ಏರುತ್ತದೆ. ಲೆವೊಬ್ಯುಪಿವಕೇನ್ ಮತ್ತು ರೋಪಿವಕೇನ್ ಕೂಡ ಬಳಕೆಯಲ್ಲಿವೆ. ಕಾಲು ಮತ್ತು ಪೃಷ್ಠಗಳಲ್ಲಿ ತಾತ್ಕಾಲಿಕ ನೋವು ತರುವುದೆಂಬ ಕಾರಣಕ್ಕೆ ಲಿಗ್ನೊಕೇನ್ ಈ ಕೆಲಸದಿಂದ ಬಹುಮಟ್ಟಿಗೆ ಮರೆಯಾಗಿದೆ.

ಜೊತೆಗೆ ಬೆರೆಸುವ ಅಫೀಮು ವರ್ಗದ ಔಷಧಗಳಲ್ಲಿ ಎರಡು ಬಗೆ. ಫೆಂಟನಿಲ್ ಕೊಬ್ಬಿನಲ್ಲಿ ಬೇಗ ಕರಗುತ್ತದೆ. ಸಾಮಾನ್ಯವಾಗಿ 10ರಿಂದ 25 ಮೈಕ್ರೋಗ್ರಾಂ ಕೊಡುವ ಇದು ಕೆಲವೇ ನಿಮಿಷಗಳಲ್ಲಿ ಕೆಲಸ ಶುರುಮಾಡಿ ಎರಡರಿಂದ ನಾಲ್ಕು ಗಂಟೆ ಇರುತ್ತದೆ. ಶಸ್ತ್ರಕ್ರಿಯೆಯ ನಡುವಿನ ಒಳನೋವು, ಓಕರಿಕೆಗಳನ್ನು ತಡೆಯುವುದು ಇದರ ಪಾತ್ರ. ಮಾರ್ಫಿನ್ ನೀರಿನಲ್ಲಿ ಕರಗುವಂಥದ್ದು. ದ್ರವದಲ್ಲೇ ಬಹು ಹೊತ್ತು ಉಳಿದು ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ನೋವು ತಗ್ಗಿಸುತ್ತದೆ, ಆದರೆ ಪರಿಣಾಮ ಕಾಣಲು ಒಂದು ಗಂಟೆಯಷ್ಟು ಬೇಕು. ಇಂದಿನ ಶಿಫಾರಸು 50ರಿಂದ 150 ಮೈಕ್ರೋಗ್ರಾಂ. ಅದಕ್ಕಿಂತ ಏರಿಸಿದರೆ ತುರಿಕೆ ವಾಂತಿಗಳು ಹೆಚ್ಚುವಷ್ಟು ನೋವಿನ ಶಮನ ಹೆಚ್ಚುವುದಿಲ್ಲ. ಸಂರಕ್ಷಕ ರಾಸಾಯನಿಕ ಬೆರೆಸದ ಮಾರ್ಫಿನ್ನೇ ಆಗಬೇಕು. ಬ್ರಿಟನ್ನಿನಲ್ಲಿ ಇದರ ಜಾಗದಲ್ಲಿ ಡಯಾಮಾರ್ಫಿನ್ ರೂಢಿಯಲ್ಲಿದೆ. ಅಫೀಮು ವರ್ಗದ ಈ ಔಷಧಗಳಲ್ಲದೆ ಕ್ಲೋನಿಡಿನ್, ಡೆಕ್ಸ್‌ಮೆಡೆಟೊಮಿಡಿನ್‌ಗಳನ್ನು ಬೆರೆಸುವ ಪ್ರಯತ್ನಗಳೂ ನಡೆದಿವೆ. ಅವು ನಿದ್ರೆಯ ಮಂಪರು, ಬಿ.ಪಿ. ಇಳಿಕೆ ತರಬಲ್ಲವು.

ಶಸ್ತ್ರಕ್ರಿಯೆಯ ದಿನ

ಬೇರೆ ಕಾರಣವಿಲ್ಲದಿದ್ದರೆ ಯೋಜಿತ ಸಿಸೇರಿಯನ್ನನ್ನು 39 ವಾರ ತುಂಬಿದ ಮೇಲೆ ಇಟ್ಟುಕೊಳ್ಳುತ್ತಾರೆ. ಅರಿವಳಿಕೆ ವೈದ್ಯರು ಮೊದಲೇ ಪರೀಕ್ಷಿಸಿ, ಹಿಂದಿನ ಶಸ್ತ್ರಕ್ರಿಯೆಗಳು, ಅಲರ್ಜಿ, ರಕ್ತ ತೆಳುವಾಗಿಸುವ ಔಷಧ, ಬೆನ್ನಿನ ತೊಂದರೆಗಳನ್ನು ಕೇಳಿ ತಿಳಿದು ಒಪ್ಪಿಗೆ ಪಡೆಯುತ್ತಾರೆ. ಗಟ್ಟಿ ಆಹಾರ ಆರು ಗಂಟೆ ಮೊದಲು ನಿಲ್ಲಬೇಕು. ನೀರಿನಂಥ ತಿಳಿಯಾದ ಪಾನೀಯವನ್ನು ಎರಡು ಗಂಟೆ ಮೊದಲಿನವರೆಗೆ ಕುಡಿಯಬಹುದು. ಹಿಂದಿನ ರಾತ್ರಿಯಿಂದಲೇ ತೊಟ್ಟು ನೀರೂ ಕೊಡದೆ ಇರಿಸುವ ರೂಢಿ ಹಲವು ಕಡೆ ಉಳಿದಿದ್ದರೂ ಅದರಿಂದ ಉಪಯೋಗವಿಲ್ಲ. ಜಠರದ ಆಮ್ಲ ತಗ್ಗಿಸುವ, ವಾಂತಿ ತಡೆಯುವ ಔಷಧಗಳನ್ನು ಮೊದಲೇ ಕೊಡುತ್ತಾರೆ.

ಥಿಯೇಟರಿನಲ್ಲಿ ಕೈಗೆ ಡ್ರಿಪ್ ಹಾಕಿ, ಬಿ.ಪಿ., ಹೃದಯ ಬಡಿತ, ರಕ್ತದ ಆಮ್ಲಜನಕ ಅಳೆಯುವ ಉಪಕರಣಗಳನ್ನು ಜೋಡಿಸುತ್ತಾರೆ. ತಾಯಿ ಮೇಜಿನ ಅಂಚಿನಲ್ಲಿ ಕೂತು, ಗದ್ದವನ್ನು ಎದೆಗೆ ತಾಗಿಸಿ, ಹೆಗಲು ಸಡಿಲಬಿಟ್ಟು ಬೆನ್ನನ್ನು ಹೊರಕ್ಕೆ ಬಾಗಿಸಿದಷ್ಟೂ ಕಶೇರುಕಗಳ ನಡುವಿನ ಸಂದು ತೆರೆದುಕೊಳ್ಳುತ್ತದೆ. ಕ್ರಿಮಿನಾಶಕ ಹಚ್ಚಿ ಒಣಗಲು ಬಿಟ್ಟು, ಚರ್ಮಕ್ಕೆ ಮರಗಟ್ಟಿಸುವ ಔಷಧ ಕೊಡುತ್ತಾರೆ. ಚುರ್ರೆನ್ನುವುದು ಇದೇ. 25 ಅಥವಾ 27 ಗೇಜಿನ ಸೂಜಿಯಲ್ಲಿ ತಿಳಿದ್ರವ ಹನಿಯುವುದನ್ನು ಕಂಡ ಮೇಲೆ ಔಷಧ ಸೇರಿಸುತ್ತಾರೆ. ಆ ಹೊತ್ತಿನಲ್ಲಿ ಕಾಲಿಗೆ ಮಿಂಚು ಹೊಡೆದಂತಾದರೆ ಕೂಡಲೇ ಹೇಳಬೇಕು. ವೈದ್ಯರು ಸೂಜಿಯ ದಿಕ್ಕು ಬದಲಿಸುತ್ತಾರೆ.

ಮಲಗಿಸಿದ ಬಳಿಕ ಶಸ್ತ್ರಕ್ರಿಯೆಗೆ ಮುನ್ನ ಪರೀಕ್ಷೆ ನಡೆಯಬೇಕು. ಬ್ರಿಟನ್ನಿನ ಅರಿವಳಿಕೆ ತಜ್ಞರ ಸಂಘದ 2022ರ ಮಾರ್ಗಸೂಚಿ ಹಗುರ ಸ್ಪರ್ಶವೂ ತಿಳಿಯದಂತೆ ಎದೆಯ ಐದನೆಯ ನರಮಟ್ಟದವರೆಗೆ ಮರಗಟ್ಟಿರಬೇಕೆಂದು ಹೇಳುತ್ತದೆ. ಕಾಲನ್ನು ನೇರವಾಗಿ ಎತ್ತಲಾಗದಿರುವುದು ಇನ್ನೊಂದು ಗುರುತು. ಎರಡೂ ಬದಿ ನೋಡಬೇಕು. ಒಂದೇ ಬದಿ ಮರಗಟ್ಟಿ ಇನ್ನೊಂದು ಬದಿ ಉಳಿಯುವುದುಂಟು.

ರಕ್ತದೊತ್ತಡದ ಕಾವಲು

ರಕ್ತನಾಳಗಳು ಸಡಿಲಗೊಳ್ಳುವುದರಿಂದ ಬಿ.ಪಿ. ಇಳಿಯುವುದು ಸ್ಪೈನಲ್‌ನ ಅತಿ ಸಾಮಾನ್ಯ ಪರಿಣಾಮ. ತಡೆಯುವ ಕ್ರಮ ಕೈಗೊಳ್ಳದಿದ್ದರೆ ಬಹುಪಾಲು ಗರ್ಭಿಣಿಯರಲ್ಲಿ ಕಾಣುತ್ತದೆ. ತಲೆಸುತ್ತು, ಓಕರಿಕೆ ಅದರ ಮೊದಲ ಲಕ್ಷಣಗಳು. ಮಾಸಿಗೆ ಹೋಗುವ ರಕ್ತ ತಾಯಿಯ ಬಿ.ಪಿ.ಯನ್ನೇ ನೆಚ್ಚಿರುವುದರಿಂದ ಇಳಿಕೆ ಹೆಚ್ಚು ಹೊತ್ತು ನಿಂತರೆ ಮಗುವಿಗೂ ತೊಂದರೆ. ಅಂಗಾತ ಮಲಗಿದಾಗ ತುಂಬಿದ ಗರ್ಭಕೋಶ ದೊಡ್ಡ ರಕ್ತನಾಳಗಳನ್ನು ಅದುಮುತ್ತದೆ. ಆದ್ದರಿಂದ ಮಗು ಹೊರಬರುವವರೆಗೆ ಮೇಜನ್ನು ಎಡಕ್ಕೆ ವಾಲಿಸುತ್ತಾರೆ ಅಥವಾ ಬಲ ಸೊಂಟದ ಕೆಳಗೆ ಒತ್ತು ಕೊಡುತ್ತಾರೆ.

ಹಿಂದೆ ಎಫೆಡ್ರಿನ್ ಮೊದಲ ಆಯ್ಕೆಯಾಗಿತ್ತು. ಅದು ಮಾಸನ್ನು ದಾಟಿ ಮಗುವಿನ ರಕ್ತದ ಆಮ್ಲೀಯತೆ ಹೆಚ್ಚಿಸುವುದು ತಿಳಿದ ಮೇಲೆ ಆ ಜಾಗಕ್ಕೆ ಫಿನೈಲೆಫ್ರಿನ್ ಬಂತು. 2018ರ ಅಂತರರಾಷ್ಟ್ರೀಯ ಒಮ್ಮತದ ಹೇಳಿಕೆಯ ಪ್ರಕಾರ ಬಿ.ಪಿ. ಇಳಿಯುವವರೆಗೆ ಕಾಯದೆ, ಸ್ಪೈನಲ್ ಕೊಟ್ಟೊಡನೆ ನಿಮಿಷಕ್ಕೆ 25ರಿಂದ 50 ಮೈಕ್ರೋಗ್ರಾಂನಂತೆ ಇದನ್ನು ಆರಂಭಿಸಿ, ಮೇಲಿನ ಬಿ.ಪಿ.ಯನ್ನು ಮೊದಲಿದ್ದುದರ ಶೇ 90ಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಳ್ಳಬೇಕು. ಹೃದಯ ಬಡಿತ ತೀರ ಇಳಿಸದಿರುವ ಗುಣದಿಂದ ನಾರ್‌ಎಪಿನೆಫ್ರಿನ್ ಕೂಡ ಈಚೆಗೆ ಬಳಕೆಗೆ ಬಂದಿದೆ. ಭಾರತದ ಹಲವು ಆಸ್ಪತ್ರೆಗಳಲ್ಲಿ ಮೆಫೆಂಟರ್ಮಿನ್ ಬಳಸುವುದು ರೂಢಿ.

ಶಸ್ತ್ರಕ್ರಿಯೆಯ ನಡುವೆ ನೋವು ಬಂದರೆ

ಸ್ಪೈನಲ್ ಸಾಮಾನ್ಯವಾಗಿ ನಂಬಲರ್ಹ, ಪೂರ್ತಿ ಖಾತರಿ ಅಲ್ಲ. ಯೋಜಿತ ಸಿಸೇರಿಯನ್‌ಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2022ರ ವಿಶ್ಲೇಷಣೆಯೊಂದರಲ್ಲಿ, ಬೆನ್ನಿನ ಅರಿವಳಿಕೆ ಪಡೆದವರಲ್ಲಿ ಸುಮಾರು ಶೇ 15 ಮಂದಿಗೆ ನಡುವೆ ಹೆಚ್ಚುವರಿ ಔಷಧ ಬೇಕಾಗಿತ್ತು. ಎಪಿಡ್ಯೂರಲ್‌ಗೆ ಹೋಲಿಸಿದರೆ ಸ್ಪೈನಲ್‌ನಲ್ಲಿ ಇದು ಕಡಿಮೆ. ಅದೇ ವರ್ಷದ ಬ್ರಿಟಿಷ್ ಮಾರ್ಗಸೂಚಿಯ ತಿರುಳು ಇಷ್ಟು: ತಾಯಿ ನೋವೆಂದರೆ ಅದನ್ನು ನಂಬಬೇಕು. ಸಾಧ್ಯವಿದ್ದರೆ ಶಸ್ತ್ರವೈದ್ಯರು ಕೈ ತಡೆಯಬೇಕು. ನಾಳಿಕೆ ಇದ್ದರೆ ಎಪಿಡ್ಯೂರಲ್ ಔಷಧ, ಇಲ್ಲದಿದ್ದರೆ ರಕ್ತನಾಳದ ಮೂಲಕ ಫೆಂಟನಿಲ್‌ನಂಥ ಔಷಧ ಅಥವಾ ಅಲ್ಪ ಕೆಟಮಿನ್ ಕೊಡಬಹುದು. ಶಸ್ತ್ರವೈದ್ಯರು ಗಾಯದ ಜಾಗಕ್ಕೆ ಮರಗಟ್ಟಿಸುವ ಔಷಧ ಹಾಕಬಹುದು. ಸಾಲದಿದ್ದರೆ, ಅಥವಾ ತಾಯಿ ಕೇಳಿದರೆ, ಪೂರ್ಣ ಅರಿವಳಿಕೆ ಕೊಡಬೇಕು. ‘ಸ್ವಲ್ಪ ತಡಕೊಳ್ಳಮ್ಮ, ಈಗ ಮುಗೀತು’ ಎಂಬ ಸಮಾಧಾನ ಚಿಕಿತ್ಸೆಯಾಗದು. ಹೀಗೆ ನೋವುಂಡವರಲ್ಲಿ ಕೆಲವರಿಗೆ ಆಮೇಲೆ ದುಃಸ್ವಪ್ನ, ಮುಂದಿನ ಬಸಿರಿನ ಭಯ, ಮಾನಸಿಕ ಆಘಾತ ಕಾಣಿಸಿಕೊಳ್ಳುವುದರಿಂದ ಮರುದಿನ ವೈದ್ಯರು ಬಂದು ಮಾತನಾಡುವುದೂ ಮಾರ್ಗಸೂಚಿಯ ಭಾಗವಾಗಿದೆ.

ಶಸ್ತ್ರಕ್ರಿಯೆಯ ನಂತರದ ನೋವು

ಬ್ಯುಪಿವಕೇನ್ ಇಳಿದು ಕಾಲಾಡತೊಡಗಿದ ಮೇಲೆ ನೋವಿನ ಎರಡನೆಯ ಹಂತ ಆರಂಭ. ಬಾಣಂತಿ ಎದ್ದು ಓಡಾಡಬೇಕು, ಮಗುವನ್ನೆತ್ತಿ ಹಾಲೂಡಿಸಬೇಕು. ನೋವಿಗೆ ಹೆದರಿ ಮಲಗಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಯುರೋಪಿನ ತಜ್ಞರ ಪ್ರಾಸ್ಪೆಕ್ಟ್ ತಂಡದ ಶಿಫಾರಸಿನಂತೆ ಬೆನ್ನಿನ ಮಾರ್ಫಿನ್ ಅಡಿಪಾಯ. ಅದರ ಮೇಲೆ ಗಡಿಯಾರ ನೋಡಿ ಹೊತ್ತುಹೊತ್ತಿಗೆ ಪ್ಯಾರಸಿಟಮಾಲ್, ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್‌ನಂಥ ಉರಿಯೂತ ಶಾಮಕ, ಮಗು ಹುಟ್ಟಿದ ಮೇಲೆ ಒಂದು ಸಲ ಡೆಕ್ಸಾಮೆಥಸೋನ್. ನೋವು ಏರಿದ ಮೇಲೆ ಕೇಳಿ ಪಡೆಯುವುದಕ್ಕಿಂತ ಹೀಗೆ ಹೊತ್ತಿಗೆ ಸರಿಯಾಗಿ ಕೊಡುವುದು ಮೇಲು. ಒಳಪೊರೆಯನ್ನು ಹೊಲಿಯದೆ ಬಿಡುವುದು, ಜೋಯಲ್-ಕೋಹೆನ್ ಬಗೆಯ ಕೊಯ್ತ, ಹೊಟ್ಟೆಗೆ ಪಟ್ಟಿ ಕಟ್ಟುವುದು ಕೂಡ ನೋವು ತಗ್ಗಿಸುವ ಕ್ರಮಗಳೆಂದು ಅದೇ ಪಟ್ಟಿಯಲ್ಲಿವೆ.

ಮಾರ್ಫಿನ್ ಕೊಡಲಾಗದಿದ್ದಾಗ ಹೊಟ್ಟೆಗೋಡೆಯ ನರಗಳಿಗೆ ಬ್ಲಾಕ್ ಕೊಡುತ್ತಾರೆ. 2001ರಲ್ಲಿ ಮೊದಲು ವಿವರಿಸಲಾದ ‘ಟ್ಯಾಪ್’ ಬ್ಲಾಕ್‌ನಲ್ಲಿ ಸೊಂಟದ ಪಕ್ಕದ ಸ್ನಾಯುಪದರಗಳ ನಡುವೆ, ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತ ಔಷಧ ಹರಡುತ್ತಾರೆ. ಕ್ವಾಡ್ರೇಟಸ್ ಲುಂಬೋರಮ್ ಬ್ಲಾಕ್, ಗಾಯದೊಳಗೆ ಔಷಧ ಹಾಕುವುದು ಇತರ ದಾರಿಗಳು. ಟ್ಯಾಪ್ ಬ್ಲಾಕ್ ಚರ್ಮ ಮತ್ತು ಸ್ನಾಯುವಿನ ನೋವನ್ನು ತಗ್ಗಿಸುತ್ತದೆ, ಗರ್ಭಕೋಶ ಹಿಂಡಿದಂತಾಗುವ ಒಳನೋವಿಗೆ ನಾಟುವುದಿಲ್ಲ. ಬೆನ್ನಿನ ಮಾರ್ಫಿನ್ ಪಡೆದವರಿಗೆ ಇದರಿಂದ ಹೆಚ್ಚಿನ ಲಾಭವೂ ಕಾಣದು.

ಪ್ಯಾರಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಎದೆಹಾಲಿಗೆ ಸೇರುವುದು ಅತ್ಯಲ್ಪ. ಮಾತ್ರೆ ತೆಗೆದುಕೊಂಡ ಕಾರಣಕ್ಕೆ ಹಾಲು ನಿಲ್ಲಿಸಬೇಕಿಲ್ಲ. ಕೋಡೀನ್ ಮತ್ತು ಟ್ರಮಡಾಲ್ ವಿಷಯ ಬೇರೆ. ಕೆಲವು ತಾಯಂದಿರ ದೇಹ ಇವನ್ನು ಅತಿವೇಗವಾಗಿ ಪ್ರಬಲ ರೂಪಕ್ಕೆ ಬದಲಿಸಿ ಮಗುವಿನ ಉಸಿರಾಟಕ್ಕೆ ಅಪಾಯ ತರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿತು.

ಅಡ್ಡಪರಿಣಾಮಗಳು ಮತ್ತು ತೊಡಕುಗಳು

ನಡುಕ, ಓಕರಿಕೆ, ತುರಿಕೆ ಸಾಮಾನ್ಯ. ತುರಿಕೆ ಅಫೀಮು ವರ್ಗದ ಔಷಧದ ನೇರ ಪರಿಣಾಮ, ಅಲರ್ಜಿ ಅಲ್ಲ. ಆದ್ದರಿಂದ ಅಲರ್ಜಿ ಮಾತ್ರೆಗಳಿಂದ ಹೆಚ್ಚು ಉಪಯೋಗವಿಲ್ಲ. ತೀವ್ರವಾದರೆ ನ್ಯಾಲ್‌ಬುಫಿನ್ ಅಥವಾ ಅಲ್ಪ ನ್ಯಾಲೊಕ್ಸೋನ್ ಕೊಡುತ್ತಾರೆ. ಮೂತ್ರದ ಅರಿವಿಲ್ಲದಿರುವುದರಿಂದ ಕೆಲವು ಗಂಟೆ ಮೂತ್ರನಾಳಿಕೆ ಇರುತ್ತದೆ. ಮಾರ್ಫಿನ್ ಪಡೆದವರಲ್ಲಿ ತಡವಾಗಿ ಉಸಿರಾಟ ನಿಧಾನವಾಗುವುದು ಅಪರೂಪವಾದರೂ ಗಂಭೀರ. ಹಾಗಾಗಿ ಉಸಿರು ಮತ್ತು ಮಂಪರನ್ನು ಹೊತ್ತುಹೊತ್ತಿಗೆ ಗಮನಿಸುತ್ತಾರೆ.

ಔಷಧ ಅತಿ ಮೇಲಕ್ಕೇರಿದರೆ ಕೈಬೆರಳು ಜೋಮು ಹಿಡಿಯುತ್ತದೆ, ದನಿ ಕ್ಷೀಣಿಸುತ್ತದೆ, ಉಸಿರಿಗೆ ಕಷ್ಟವಾಗುತ್ತದೆ. ಅದಕ್ಕೆಂದೇ ಪೂರ್ಣ ಅರಿವಳಿಕೆಯ ಸಲಕರಣೆ ಪ್ರತಿ ಸ್ಪೈನಲ್‌ನ ಪಕ್ಕದಲ್ಲೂ ಸಿದ್ಧವಿರಬೇಕು.

ಸ್ಪೈನಲ್ ನಂತರದ ತಲೆನೋವು ಪೊರೆಯ ರಂಧ್ರದಿಂದ ದ್ರವ ಸೋರುವುದರಿಂದ ಬರುತ್ತದೆ. ಪೆನ್ಸಿಲ್ ಮೊನೆಯ ಸಣ್ಣ ಸೂಜಿ ಬಳಸಿದರೆ ನೂರಕ್ಕೆ ಒಬ್ಬರಿಗೆ ಅಥವಾ ಅದಕ್ಕಿಂತ ಕಡಿಮೆ. ದಪ್ಪನೆಯ ಎಪಿಡ್ಯೂರಲ್ ಸೂಜಿ ಆಕಸ್ಮಿಕವಾಗಿ ಪೊರೆ ದಾಟಿದರೆ ಅರ್ಧಕ್ಕೂ ಹೆಚ್ಚು ಮಂದಿಗೆ ಬರಬಹುದು. ದಿಂಬಿಲ್ಲದೆ ಇಡೀ ದಿನ ಅಲುಗಾಡದೆ ಮಲಗಿದರೆ ತಲೆನೋವು ಬರದೆಂಬ ನಂಬಿಕೆ ಮನೆಗಳಲ್ಲೂ ವಾರ್ಡುಗಳಲ್ಲೂ ಇದೆ. ಅಧ್ಯಯನಗಳು ಇದನ್ನು ಎತ್ತಿಹಿಡಿದಿಲ್ಲ. ತೀವ್ರವಾದ ತಲೆನೋವಿಗೆ ತಾಯಿಯದೇ 15ರಿಂದ 20 ಮಿಲಿಲೀಟರ್ ರಕ್ತವನ್ನು ಎಪಿಡ್ಯೂರಲ್ ಜಾಗಕ್ಕೆ ಸೇರಿಸಿ ರಂಧ್ರ ಮುಚ್ಚಿಸುವ ಚಿಕಿತ್ಸೆ 1960ರಿಂದ ಇದೆ. ತಲೆನೋವಿನ ಜೊತೆ ಜ್ವರ, ದೃಷ್ಟಿ ಮಂಜು, ಫಿಟ್ಸ್ ಅಥವಾ ಏರಿದ ಬಿ.ಪಿ. ಇದ್ದರೆ ಕಾರಣ ಬೇರೆ ಇರಬಹುದು. ತಡಮಾಡದೆ ಆಸ್ಪತ್ರೆಗೆ ಬರಬೇಕು.

‘ಬೆನ್ನಿಗೆ ಸೂಜಿ ಹಾಕಿಸಿಕೊಂಡಾಗಿನಿಂದ ಬೆನ್ನುನೋವು’ ಎಂಬ ಮಾತು ನಮ್ಮಲ್ಲಿ ಬಹಳ ಕೇಳಿಬರುತ್ತದೆ. ಚುಚ್ಚಿದ ಜಾಗ ಕೆಲವು ದಿನ ನೋಯುವುದು ನಿಜ. ದೀರ್ಘಕಾಲದ ಬೆನ್ನುನೋವಿಗೂ ಸ್ಪೈನಲ್‌ಗೂ ಸಂಬಂಧವನ್ನು ಅಧ್ಯಯನಗಳು ಕಂಡಿಲ್ಲ. ಬಸಿರಿನಲ್ಲಿ ಸಡಿಲಗೊಂಡ ಸಂದುಬಂಧಗಳು, ಬದಲಾದ ನಿಲುವು, ಬಗ್ಗಿ ಹಾಲೂಡಿಸುವುದು, ಮಗುವನ್ನೆತ್ತುವುದು ಇದರ ಮುಖ್ಯ ಕಾರಣಗಳು. ಸ್ಪೈನಲ್ ಇಲ್ಲದೆ ಹೆತ್ತವರಲ್ಲೂ ಇದು ಸಾಮಾನ್ಯ. ಶಾಶ್ವತ ನರಹಾನಿ ತೀರ ವಿರಳ. 2009ರ ಬ್ರಿಟಿಷ್ ರಾಷ್ಟ್ರೀಯ ಪರಿಶೀಲನೆಯಲ್ಲಿ ಗರ್ಭಿಣಿಯರ ಮಟ್ಟಿಗೆ ಅದು ಲಕ್ಷಕ್ಕೆ ಒಂದರ ಆಸುಪಾಸಿನಲ್ಲಿತ್ತು.

ಮನುಷ್ಯರ ಕೈತಪ್ಪಿನಿಂದ ಬರುವ ಅಪಾಯವೊಂದುಂಟು. ರಕ್ತಸ್ರಾವ ತಡೆಯಲು ಬಳಸುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಬ್ಯುಪಿವಕೇನ್ ಎಂದು ತಪ್ಪಾಗಿ ತಿಳಿದು ಬೆನ್ನಿಗೆ ಕೊಟ್ಟ ಘಟನೆಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಚ್ಚರಿಕೆ ಹೊರಡಿಸಿತು. ಫಿಟ್ಸ್ ಮತ್ತು ಹೃದಯದ ಲಯ ತಪ್ಪಿ ಸಾವು ಸಂಭವಿಸಬಲ್ಲ ತಪ್ಪು ಇದು. ಎರಡನ್ನೂ ಬೇರೆ ಬೇರೆ ಜಾಗದಲ್ಲಿಟ್ಟು, ಲೇಬಲ್ ಓದಿಯೇ ತುಂಬಿಸುವುದು ಪರಿಹಾರ.

ಯಾರಿಗೆ ಸಲ್ಲದು

ತಾಯಿ ಒಪ್ಪದಿದ್ದರೆ, ಚುಚ್ಚುವ ಜಾಗದಲ್ಲಿ ಸೋಂಕಿದ್ದರೆ, ತೀವ್ರ ರಕ್ತಸ್ರಾವದಿಂದ ದೇಹ ಕುಸಿದಿದ್ದರೆ, ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದಿದ್ದರೆ ಬೆನ್ನಿನ ಅರಿವಳಿಕೆ ಕೊಡುವುದಿಲ್ಲ. ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) 70,000ಕ್ಕಿಂತ ಹೆಚ್ಚಿದ್ದು ಬೇರೆ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಸುರಕ್ಷಿತ. ಹೆಪಾರಿನ್ ವರ್ಗದ ಚುಚ್ಚುಮದ್ದು ಪಡೆಯುತ್ತಿರುವವರಲ್ಲಿ ಪ್ರಮಾಣವನ್ನು ಅನುಸರಿಸಿ 12ರಿಂದ 24 ಗಂಟೆ ಅಂತರ ಬೇಕು. ಬಸಿರಿನಲ್ಲಿ ಬಿ.ಪಿ. ಏರುವ ಪ್ರಿ-ಎಕ್ಲಾಂಪ್ಸಿಯಾದಲ್ಲಿ ಸ್ಪೈನಲ್ ಕೂಡದೆಂಬ ಹಳೆಯ ಅಭಿಪ್ರಾಯ ಬದಲಾಗಿದೆ. ಹೆಪ್ಪುಗಟ್ಟುವಿಕೆ ಸರಿಯಿದ್ದರೆ ಅವರಿಗೂ ಇದೇ ಮೊದಲ ಆಯ್ಕೆ.

ಭಾರತ ಮತ್ತು ಕರ್ನಾಟಕ

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದ ಹೆರಿಗೆಗಳಲ್ಲಿ ಶೇ 21.5 ಸಿಸೇರಿಯನ್. ಕರ್ನಾಟಕದಲ್ಲಿ ಈ ಪ್ರಮಾಣ ಶೇ 31.5. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಶೇ 47.4, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3. 2011ರ ಜೂನ್ 1ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್, ಅದಕ್ಕೆ ಬೇಕಾದ ಔಷಧ, ಏಳು ದಿನದವರೆಗಿನ ಆಹಾರ ಉಚಿತ. ತಜ್ಞರ ಕೊರತೆ ನೀಗಿಸಲು ಎಂಬಿಬಿಎಸ್ ವೈದ್ಯರಿಗೆ ತುರ್ತು ಅರಿವಳಿಕೆಯ ತರಬೇತಿ ಕೊಡುವ ಯೋಜನೆಯೂ ಇದೆ.

ಬೆನ್ನಿಗೆ ಕೊಡಬಹುದಾದ ಮಾರ್ಫಿನ್ ಎಲ್ಲ ಆಸ್ಪತ್ರೆಗಳಲ್ಲಿ ಸಿಗದಿರುವುದು ಇಲ್ಲಿನ ದೊಡ್ಡ ಕೊರತೆ. 1985ರ ಮಾದಕ ವಸ್ತುಗಳ ಕಾಯ್ದೆ ಪರವಾನಗಿಯ ಬಿಗಿ ನಿಯಮಗಳನ್ನು ತಂದಿತು. 2014ರ ತಿದ್ದುಪಡಿ ಮಾರ್ಫಿನ್, ಫೆಂಟನಿಲ್ ಮೊದಲಾದವನ್ನು ಅಗತ್ಯ ಔಷಧಗಳೆಂದು ಗುರುತಿಸಿ ವೈದ್ಯಕೀಯ ಬಳಕೆಗೆ ದಾರಿ ಸಡಿಲಿಸಿತು. ರಾತ್ರಿಪಾಳಿಯಲ್ಲಿ ಬಾಣಂತಿಯ ಉಸಿರಾಟ ಗಮನಿಸುವಷ್ಟು ದಾದಿಯರಿಲ್ಲದ ಕಡೆ ವೈದ್ಯರು ಮಾರ್ಫಿನ್‌ಗೆ ಹಿಂಜರಿಯುತ್ತಾರೆ. ಅಲ್ಲಿ ಟ್ಯಾಪ್ ಬ್ಲಾಕ್, ಗಾಯಕ್ಕೆ ಔಷಧ, ಹೊತ್ತಿಗೆ ಸರಿಯಾದ ಪ್ಯಾರಸಿಟಮಾಲ್ ಮತ್ತು ಡೈಕ್ಲೊಫೆನಾಕ್ ಸೇರಿದ ಕ್ರಮವೇ ಕೈಗೆಟಕುವ ದಾರಿ.

ಯೋಜಿತ ಸಿಸೇರಿಯನ್‌ನಲ್ಲಿ ಮಾತನಾಡಲು ಸಮಯವಿರುತ್ತದೆ. ಗರ್ಭಿಣಿ ಮತ್ತು ಮನೆಯವರು ಅರಿವಳಿಕೆ ವೈದ್ಯರನ್ನು ಮುಂಚಿತವಾಗಿ ಕಂಡು ಮೂರು ವಿಷಯ ಕೇಳಿ ತಿಳಿಯುವುದು ಒಳ್ಳೆಯದು: ನನಗೆ ಯಾವ ವಿಧಾನ, ನಡುವೆ ನೋವಾದರೆ ಏನು ಮಾಡುತ್ತೀರಿ, ಮೊದಲ ಎರಡು ದಿನದ ನೋವಿಗೆ ಏನು ವ್ಯವಸ್ಥೆ. ಈ ಮೂರಕ್ಕೂ ಉತ್ತರ ಕೊಡುವುದು ಆಸ್ಪತ್ರೆಯ ಕರ್ತವ್ಯ.